ಹೆಬ್ಬಾತು ಮರಿ ಸಾಕಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾಗಿದೆ, ಬೆಂಗಳೂರಿನ ರಾತ್ರಿ ತಣ್ಣಗಾಗಿದೆ. ಹೊಸದಾಗಿ ಮರಿ ತಂದವರು ದಯವಿಟ್ಟು ಪೂರ್ತಿ ಓದಿ.

ಮರಿ ಕತ್ತು ಚಾಚಿ, ಕಾಲು ಹಿಂದಕ್ಕೆ ಬಿಟ್ಟು ಸತ್ತಂತೆ ಮಲಗಿದ್ದರೆ ಹೆದರಬೇಡಿ. ಮೆಲ್ಲಗೆ ಕರೆಯಿರಿ. ತಲೆ ಎತ್ತಿ ಓಡಿ ಬಂದರೆ ಅದು ಬರೀ ನಿದ್ದೆ. ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ ಅಂದಿತ್ತು.

ನಿಜವಾಗಿ ನೋಡಬೇಕಾದ್ದು ಕಾಲು. ಕುಂಟುವುದು, ಕಾಲು ಸೊಟ್ಟಗಾಗುವುದು, ಎದ್ದು ಎರಡು ಹೆಜ್ಜೆಗೆ ಕೂತುಬಿಡುವುದು ಕಂಡರೆ ನಯಾಸಿನ್ ಕೊರತೆ ಇರಬಹುದು. ಅದು ಬಿ3 ವಿಟಮಿನ್. ಕೋಳಿಮರಿಗಿಂತ ಇವಕ್ಕೆ ಜಾಸ್ತಿ ಬೇಕು, ಹಾಗಾಗಿ ಬರೀ ಕೋಳಿಮರಿ ಫೀಡ್ ಸಾಲದು. ಫೀಡ್ ಮೇಲೆ ಬ್ರೂವರ್ಸ್ ಯೀಸ್ಟ್ (ನಯಾಸಿನ್ ಇರುವ ಒಣಗಿಸಿದ ಯೀಸ್ಟ್) ಪುಡಿ ಉದುರಿಸಿ. ಬೇಗ ಶುರು ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚು, ತಡವಾದರೆ ಸೊಟ್ಟ ಹಾಗೇ ಉಳಿಯಬಹುದು. ಟೈಲ್ಸ್ ಮೇಲಂತೂ ಬಿಡಲೇಬೇಡಿ, ಕಾಲು ಜಾರಿ ಅಗಲವಾಗುತ್ತದೆ. ಹಳೇ ಟವೆಲ್ ಹಾಸಿ.

ಮರಿ ಇರುವ ಜಾಗ ಬಲ್ಬಿನ ಕಾವಿನಲ್ಲಿ ಮೊದಲ ವಾರ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಲಿ. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಕಮ್ಮಿ ಮಾಡಿ. ಒಟ್ಟಿಗೆ ಮುದುರಿ ಕಿರುಚಿದರೆ ಚಳಿ. ಬಲ್ಬಿನಿಂದ ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ನೆನೆದ ಮರಿಯನ್ನು ತಕ್ಷಣ ಒರೆಸಿ. ಬೂಷ್ಟು ಹಿಡಿದ ಫೀಡ್ ಒಂದು ಹಿಡಿಯೂ ಬೇಡ, ಅದರ ವಿಷ ಇವುಗಳ ಪ್ರಾಣಕ್ಕೇ ಬರುತ್ತದೆ.

ತಿನ್ನುವುದು ಬಿಟ್ಟು ಒಂಟಿಯಾಗಿ ಕೂತರೆ, ಕತ್ತು ತಿರುಚಿದರೆ ಇಲ್ಲಿ ಫೋಟೋ ಹಾಕಿ ಉತ್ತರಕ್ಕೆ ಕಾಯಬೇಡಿ. ಬೆಚ್ಚಗಿನ ಡಬ್ಬದಲ್ಲಿಟ್ಟು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹತ್ತಿರದ ಪಶು ಆಸ್ಪತ್ರೆಗೋ ಹೊರಡಿ. ಹಿಕ್ಕೆಯ ಫೋಟೋ ಜೊತೆಗಿರಲಿ. ಮನುಷ್ಯರ ಮಾತ್ರೆ ಸುಮ್ನೆ ಕೊಡಬೇಡಿ.