ಉಪ್ಪು ಕಡಿಮೆ ಇರಲಿ

ಚಿಪ್ಪೆನ್‌ಹ್ಯಾಮ್, ಇಂಗ್ಲೆಂಡ್

ಪ್ರೀತಿಯ ತಂಗಿಗೆ,

ಶಾಲೆಯ ಮಕ್ಕಳಿಂದ ಹಳೇ ಕಾಲದ ಫೋಟೋ ಮಾಡಿಸಲು ಬಿಸಿಲೊಂದಿದ್ದರೆ ಸಾಕಾ ಎಂದು ಕೇಳಿದ್ದೀಯ. ಬಿಸಿಲಿಗೆ ಹಾಸನದಲ್ಲಿ ಬರವಿಲ್ಲ. ಕೈಕೊಡುವುದು ಕಾಗದ ಮತ್ತು ಉಪ್ಪಿನ ಅಳತೆ.

ಈ ವಿದ್ಯೆ ಹುಟ್ಟಿದ್ದು ಇಲ್ಲೇ ಪಕ್ಕದ ಲೇಕಾಕ್‌ನಲ್ಲಿ. 1232ರಲ್ಲಿ ಸನ್ಯಾಸಿನಿಯರಿಗಾಗಿ ಸ್ಥಾಪಿಸಿದ ಮಠ ಮುಂದೆ ಸಿರಿವಂತರ ಮನೆಯಾಯಿತು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅದರ ಯಜಮಾನ. ಬೆಟ್ಟ, ಸರೋವರ, ಪಾಳುಗೋಪುರ ಕಂಡಲ್ಲಿ ಕೂತು ಚಿತ್ರ ಬರೆಯುವುದು ಆ ರೊಮ್ಯಾಂಟಿಕ್ ಯುಗದ ಪ್ರವಾಸಿಗರ ಗೀಳು. 1833ರಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಟಾಲ್ಬಟ್ ಕೂಡ ಪ್ರಯತ್ನಪಟ್ಟ, ಕೈ ಕೂರಲಿಲ್ಲ. ಹಾಗಾದರೆ ಬೆಳಕೇ ಬರೆಯಲಿ ಎಂದು ಹೊರಟವನು 1835ರ ಆಗಸ್ಟ್‌ನಲ್ಲಿ ತನ್ನ ಮನೆಯ ಜಾಲರಿ ಕಿಟಕಿಯನ್ನು ಅಂಚೆಚೀಟಿಯಷ್ಟು ಕಾಗದದ ಮೇಲೆ ಹಿಡಿದ. ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ಬಿಳಿ ಮೂಡುವ ಆ ನೆಗೆಟಿವ್ ಇವತ್ತಿಗೂ ಉಳಿದಿದೆ.

ಅವನ ನಿಜವಾದ ಶೋಧ ಕ್ಯಾಮೆರಾದಲ್ಲಿಲ್ಲ. ಉಪ್ಪುನೀರು, ಸಿಲ್ವರ್ ನೈಟ್ರೇಟ್ ಬಳಿದ ಹಾಳೆಯ ಅಂಚುಗಳು ನಡುಭಾಗಕ್ಕಿಂತ ಬೇಗ ಕಪ್ಪಾಗುವುದನ್ನು ಗಮನಿಸಿದ. ಉಪ್ಪು ಕಡಿಮೆ ಇದ್ದಲ್ಲಿ ಕಾಗದ ಬೆಳಕಿಗೆ ಚುರುಕು, ಹೆಚ್ಚಾದಲ್ಲಿ ಮಂದ. ಅದನ್ನೇ ತಿರುಗಿಸಿ, ಚಿತ್ರ ಮೂಡಿದ ಮೇಲೆ ಗಟ್ಟಿ ಉಪ್ಪುನೀರಿನಲ್ಲಿ ಅದ್ದಿ ಹಾಳೆಯನ್ನು ಮಂದ ಮಾಡಿದ. ಆದರೂ ಅದು ಪೂರ್ತಿ ನಿಲ್ಲಲಿಲ್ಲ. 1839ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಹೈಪೋ (ಸೋಡಿಯಂ ಥಯೋಸಲ್ಫೇಟ್, ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ರಾಸಾಯನಿಕ) ತೋರಿಸಿಕೊಟ್ಟ ಮೇಲೆಯೇ ಚಿತ್ರ ಗಟ್ಟಿಯಾಗಿದ್ದು. ಅದೇ ವರ್ಷ ಪ್ಯಾರಿಸ್‌ನಲ್ಲಿ ಡಾಗೇರ್ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ತೆಗೆದ ಚಿತ್ರಗಳು ಇದಕ್ಕಿಂತ ಎಷ್ಟೋ ಸ್ಪಷ್ಟ, ನಿಜ. ಆದರೆ ಒಂದು ತಗಡಿಗೆ ಒಂದೇ ಚಿತ್ರ; ಕಾಗದದ ನೆಗೆಟಿವ್‌ನಿಂದ ಹಲವು ಪ್ರತಿ ತೆಗೆಯಬಹುದು. ನೆರಳು ಕಾಗದದ ನಾರಿನೊಳಗೆ ಇಳಿದುಹೋಗುವ ಚೆಂದಕ್ಕೆ ನನ್ನ ಮತ ಟಾಲ್ಬಟ್‌ಗೇ.

ಈಗ ಅಳತೆ. ಪೂರ್ತಿ ಹತ್ತಿಯ ಜಲವರ್ಣ ಕಾಗದ ತಗೋ. ಸುಣ್ಣದಂಶ ಸೇರಿಸಿದ್ದು ಬೇಡ, ಬಣ್ಣ ಕೆಡುತ್ತದೆ. ಅರ್ಧ ಲೀಟರ್ ನೀರಿಗೆ ಅಯೋಡಿನ್ ಬೆರೆಸದ ಉಪ್ಪು 10 ಗ್ರಾಂ, ಜೆಲಟಿನ್ 4 ಗ್ರಾಂ. ಜೆಲಟಿನ್ ಮೊದಲು ತಣ್ಣೀರಲ್ಲಿ ನೆನೆಯಲಿ, ಆಮೇಲೆ ಬಿಸಿ ಮಾಡು. ಜೆಲಟಿನ್ ಇಲ್ಲದಿದ್ದರೆ ಚಿತ್ರ ಕಾಗದದ ಆಳಕ್ಕಿಳಿದು ಮಂಕಾಗುತ್ತದೆ. ಹಾಳೆಯನ್ನು ಎರಡು-ಮೂರು ನಿಮಿಷ ಅದ್ದಿ, ಮೂಲೆ ಹಿಡಿದು ತೂಗುಹಾಕು. ಒಣಗಿದ್ದು ತಿಂಗಳುಗಟ್ಟಲೆ ಇರುತ್ತದೆ.

ಬೆಳ್ಳಿ ಬಳಿಯುವುದು ಬಿಸಿಲು ಬರದ ಕೋಣೆಯಲ್ಲಿ, ಮಂದ ಹಳದಿ ಬಲ್ಬಿನ ಬೆಳಕಲ್ಲಿ. 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 12 ಗ್ರಾಂ ಸಿಲ್ವರ್ ನೈಟ್ರೇಟ್. ಲೆಕ್ಕ ಹೀಗೆ: 1 ಗ್ರಾಂ ಉಪ್ಪಿಗೆ ಸರಿಸಮ 2.9 ಗ್ರಾಂ ಸಿಲ್ವರ್ ನೈಟ್ರೇಟ್. 100 ಮಿ.ಲೀ. ಉಪ್ಪುನೀರಿನ 2 ಗ್ರಾಂಗೆ 5.8 ಗ್ರಾಂ ಸಾಕು, ಉಳಿದದ್ದು ಬೇಕೆಂದೇ ಹೆಚ್ಚು. ಆ ಹೆಚ್ಚುವರಿ ಬೆಳ್ಳಿ ಇಲ್ಲದಿದ್ದರೆ ನೆರಳು ಬೂದುಬಣ್ಣಕ್ಕೇ ನಿಂತುಬಿಡುತ್ತದೆ. ಬ್ರಷ್‌ಗೆ ಲೋಹದ ಕಟ್ಟು ಇರಬಾರದು; ತಾಗಿದಲ್ಲೆಲ್ಲ ಕಪ್ಪು ಚುಕ್ಕೆ. ಬಳಿದ ಹಾಳೆಯನ್ನು ಅದೇ ದಿನ ಬಳಸು. ಮಳೆಗಾಲದಲ್ಲಿ ಈ ಸಾಹಸ ಬೇಡ: ಒದ್ದೆ ಕಾಗದದ ಬೆಳ್ಳಿ ಮೇಲಿಟ್ಟ ನೆಗೆಟಿವ್‌ಗೂ ಅಂಟಿ ಎರಡೂ ಹಾಳು. ಡಿಸೆಂಬರ್, ಜನವರಿಯ ಒಣಹವೆ ಒಳ್ಳೆಯದು.

ಮಕ್ಕಳಿಗೆ ಕ್ಯಾಮೆರಾ ಬೇಕಿಲ್ಲ, ಟಾಲ್ಬಟ್ ಮಾಡಿದಂತೆ ಎಲೆ ಸಾಕು. ಜರೀಗಿಡದ ಎಲೆಯನ್ನು ರಾತ್ರಿಯಿಡೀ ಪುಸ್ತಕದಡಿ ಒತ್ತಿಟ್ಟು ಒಣಗಿಸಿ, ಬೆಳ್ಳಿ ಬಳಿದು ಒಣಗಿದ ಹಾಳೆಯ ಮೇಲೆ, ಗಾಜಿನ ಕೆಳಗಿಟ್ಟು ಬಿಸಿಲಿಗೆ ಹಿಡಿ. ಹಸಿ ಎಲೆಯ ರಸ ಕಲೆ ಮಾಡುತ್ತದೆ. ಹಿನ್ನೆಲೆ ನಿನಗೆ ಬೇಕಾದ್ದಕ್ಕಿಂತ ಹೆಚ್ಚೇ ಕಪ್ಪಾಗಲಿ, ಹೈಪೋದಲ್ಲಿ ಅದು ತಿಳಿಯಾಗುತ್ತದೆ. ಮೊದಲು ನೀರಿನಲ್ಲಿ, ಹಾಲಿನಂಥ ಮಸುಕು ಹೋಗುವವರೆಗೆ ನೀರು ಬದಲಿಸುತ್ತ ತೊಳೆ. ಆಮೇಲೆ ಲೀಟರಿಗೆ 100 ಗ್ರಾಂ ಹೈಪೋ, 2 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿದ ಎರಡು ಟ್ರೇಗಳಲ್ಲಿ ನಾಲ್ಕು ನಾಲ್ಕು ನಿಮಿಷ. ಚಿತ್ರ ಗಟ್ಟಿ ಮಾಡಲು (ಫಿಕ್ಸ್ ಎನ್ನುವುದು ಇದನ್ನೇ) ಅಂಗಡಿಯ ಆಮ್ಲೀಯ ಫಿಕ್ಸರ್ ತರಬೇಡ, ನವಿರಾದ ಛಾಯೆಗಳನ್ನು ತಿಂದುಹಾಕುತ್ತದೆ. ಕೊನೆಗೆ ಮುಕ್ಕಾಲು ಗಂಟೆ ಹರಿವ ನೀರು. ಬಿಳಿಭಾಗ ಹಳದಿಯಾದರೆ ಫಿಕ್ಸ್ ಸಾಲಲಿಲ್ಲ ಎಂದರ್ಥ. ಚಿತ್ರ ತಿಂಗಳುಗಳಲ್ಲಿ ಮಾಸಿದರೆ ಹೈಪೋ ಪೂರ್ತಿ ತೊಳೆದುಹೋಗಿಲ್ಲ.

ಹಳೇಬೀಡಿನ ಮೊದಮೊದಲ ಫೋಟೋಗಳ ಬಗ್ಗೆ ಅಪ್ಪ ಕೇಳಿದ್ದರಲ್ಲ, ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಅಲ್ಲಿ, ಬೇಲೂರಿನಲ್ಲಿ ಬಳಸಿದ್ದೂ ಕಾಗದದ ನೆಗೆಟಿವ್. ಹಂಪಿಯಲ್ಲಿ ಇನ್ನೊಬ್ಬ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಮೇಣ ಹಚ್ಚಿದ ದೊಡ್ಡ ಹಾಳೆಗಳನ್ನೇ ನೆಚ್ಚಿಕೊಂಡಿದ್ದ. ಮೇಣ ನಾರಿನ ಸಂದು ತುಂಬಿ ಹಾಳೆಯನ್ನು ಪಾರದರ್ಶಕ ಮಾಡುತ್ತದೆ. ಸಿದ್ಧಪಡಿಸಿದ ಮೇಲೆ ಕೆಲವು ದಿನ ಕೆಡುವುದೂ ಇಲ್ಲ. ಪ್ರಯಾಣಕ್ಕೆ ಅದೇ ಅನುಕೂಲ. ಎಕ್ಸ್‌ಪೋಷರ್, ಅಂದರೆ ಬೆಳಕಿಗೆ ಒಡ್ಡುವ ಹೊತ್ತು, ಮಾತ್ರ ನಿಮಿಷಗಟ್ಟಲೆ, ಹಾಗಾಗಿ ಓಡಾಡುವ ಜನ ಅವುಗಳಲ್ಲಿ ಮೂಡುವುದಿಲ್ಲ. ಕಲ್ಲು ಮೂಡುತ್ತದೆ.

ಬೆಳ್ಳಿ ಬಳಿಯುವವಳು ನೀನೇ ಆಗು, ಮಕ್ಕಳಿಗೆ ಕೊಡಬೇಡ. ಕೈಗವಸು, ಕನ್ನಡಕ ಕಡ್ಡಾಯ. ಚರ್ಮಕ್ಕೆ ತಾಗಿದರೆ ದಿನಗಟ್ಟಲೆ ಹೋಗದ ಕಪ್ಪು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮೊದಲ ತೊಳೆನೀರನ್ನು ಚರಂಡಿಗೆ ಬಿಡದೆ ಬಕೆಟ್‌ನಲ್ಲಿ ಹಿಡಿದು ಒಂದು ಹಿಡಿ ಉಪ್ಪು ಹಾಕು, ಬೆಳ್ಳಿ ತಳ ಸೇರುತ್ತದೆ. ಟ್ರೇಗಳನ್ನು ಹೊಸದಾಗಿ ಕೊಂಡುಕೋ, ಅಮ್ಮನ ಅಡುಗೆಮನೆಯ ಪಾತ್ರೆ ಒಂದನ್ನೂ ಮುಟ್ಟಬೇಡ.

ಇಂತಿ,
ನಿನ್ನ ಅಣ್ಣ