ಹರಿಹರದ ಹೊಳೆದಂಡೆ ಉದ್ಯಾನಕ್ಕೆ ನೆರವಾಗಿ: ಒಂದು ಮನವಿ

ಮಾನ್ಯರೇ,

ಹೋದ ಬೇಸಿಗೆಯಲ್ಲಿ ಶಾಲಾ ಮಕ್ಕಳನ್ನು ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋಗಿದ್ದೆವು. ಕಾಲಿಡಲು ಜಾಗ ಹುಡುಕಬೇಕಾಯಿತು. ಹಳೆಯ ಸೀರೆಗಳು, ಪ್ಲಾಸ್ಟಿಕ್ ಚೀಲದೊಳಗೇ ಕೊಳೆತ ಪೂಜೆಯ ಹೂವು, ಗಾಜು ಒಡೆದ ದೇವರ ಪಟಗಳು. ಮರಳಿನಲ್ಲಿ ಅರ್ಧ ಹೂತ ಒಂದು ಚೌಕಟ್ಟಿನ ಮೇಲೆ ಮಿಂಚುಳ್ಳಿ ಕುಳಿತಿತ್ತು. ನಾವು ನೋಡುತ್ತಿದ್ದಂತೆಯೇ ನೀರಿಗೆ ಎರಗಿ, ಬೆಳ್ಳಿಚೂರಿನಂಥ ಮೀನೊಂದನ್ನು ಕಚ್ಚಿ ತಂದು ಅದೇ ಚೌಕಟ್ಟಿಗೆ ಬಡಿಯತೊಡಗಿತು. ಹೊಳೆಯ ಊರಿನಲ್ಲಿ ಹುಟ್ಟಿದ ಆ ಮಕ್ಕಳಲ್ಲಿ ಹೆಚ್ಚಿನವರು ಅಂಥದ್ದನ್ನು ಕಂಡದ್ದು ಅದೇ ಮೊದಲು. ಹೊಳೆಯನ್ನು ಅವರು ಬಸ್ಸಿನ ಕಿಟಕಿಯಿಂದಷ್ಟೇ ಬಲ್ಲರು. ಮನಸ್ಸಿಗೆ ಬಹಳ ನೋವಾಯಿತು.

ಆದ್ದರಿಂದ ದಂಡೆಯಲ್ಲಿ ಒಂದು ಉದ್ಯಾನ, ಅದರೊಳಗೆ ಪುಟ್ಟ ನಿಸರ್ಗ ಕೇಂದ್ರ ಮಾಡಲು ನಮ್ಮ ಟ್ರಸ್ಟ್ ಹೊರಟಿದೆ. ಈ ನೆಲಕ್ಕೆ ಒಗ್ಗಿದ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ ನೆಡುತ್ತೇವೆ. ಅವುಗಳ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುವುದರಿಂದ ಹೊಳೆ ತುಂಬಿ ಬಂದಾಗ ದಂಡೆ ಕುಸಿಯುವುದು ಕಡಿಮೆಯಾಗುತ್ತದೆ. ಅತ್ತಿ ಹಣ್ಣಾದರೆ ಹಕ್ಕಿಗಳನ್ನು ಯಾರೂ ಕರೆಯಬೇಕಾಗಿಲ್ಲ.

ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ ನಮ್ಮೂರಿಗೆ ಬರುವ ದಾರಿ, ಸೂಳೆಕೆರೆಯ ಕಡೆಯಿಂದ ಹರಿದ್ರಾ ಬಂದು ಇಲ್ಲಿ ಸೇರುವ ಬಗೆ, 1868ರಲ್ಲಿ ಮುಗಿದ ಹಳೆಯ ಸೇತುವೆಯ ಕಥೆ ಕೇಂದ್ರದ ಗೋಡೆಯ ಮೇಲಿರುತ್ತವೆ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಆ ಗುಡಿಯ ಶಾಸನಗಳನ್ನು ತಿಳಿದವರಿಂದ ಒಮ್ಮೆ ಓದಿಸಿ ಕೇಳಿ: ದತ್ತಿ ಬಿಟ್ಟವರ ಹೆಸರುಗಳು ಕಲ್ಲಿನಲ್ಲಿವೆ. ಕೊಡುವುದು ಈ ಊರಿಗೆ ಹೊಸದಲ್ಲ ಎಂಬ ಧೈರ್ಯದಿಂದಲೇ ನಿಮ್ಮ ಮುಂದೆ ಕೈಚಾಚಿದ್ದೇವೆ.

ಒಂದು ಸಸಿಗೆ ಗುಂಡಿ, ಮುಳ್ಳುಬೇಲಿ, ಮೂರು ಬೇಸಿಗೆಯ ನೀರು ಸೇರಿ 1,500 ರೂಪಾಯಿ ಬೇಕು. ಕಲ್ಲಿನ ಆಸನಕ್ಕೆ 12,000. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ, ಪ್ರತಿ ತಿಂಗಳ ಜಮಾಖರ್ಚನ್ನು ಉದ್ಯಾನದ ಬಾಗಿಲ ಹಲಗೆಯ ಮೇಲೆ ಬರೆಯುತ್ತೇವೆ. ಹಣವಿಲ್ಲದವರು ಭಾನುವಾರ ಬೆಳಿಗ್ಗೆ ಗುದ್ದಲಿ ಹಿಡಿದು ಬನ್ನಿ, ಅದೂ ದೇಣಿಗೆಯೇ. ಅಟ್ಟದ ಮೇಲೆ ಹೊಳೆಯ, ತೆಪ್ಪದ, ನೆರೆ ಬಂದ ವರ್ಷದ ಹಳೆಯ ಫೋಟೊ ಇದ್ದರೆ ತನ್ನಿ, ಪ್ರತಿ ತೆಗೆದುಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ.

ಇನ್ನೊಂದು ಮಾತನ್ನು ಕೈಮುಗಿದು ಕೇಳುತ್ತೇವೆ. ಹಳೆಯ ದೇವರ ಪಟಗಳನ್ನು ಹೊಳೆಗೆ ಬಿಡಬೇಡಿ, ನಮಗೆ ತಂದುಕೊಡಿ. ಗಾಜು, ಮರ, ಕಾಗದ ಬೇರ್ಪಡಿಸಿ ಗೌರವದಿಂದಲೇ ವಿಲೇವಾರಿ ಮಾಡುತ್ತೇವೆ.

ಮೃಗಶಿರಾ ಮಳೆಗೆ ಮೊದಲು ಗುಂಡಿಗಳು ಸಿದ್ಧವಾಗಬೇಕು. ಆರಿದ್ರೆಯಲ್ಲಿ ಸಸಿ ನೆಡುವಾಗ ಆ ಮಕ್ಕಳನ್ನೇ ಮತ್ತೆ ಕರೆತರುತ್ತೇವೆ. ನೀವೂ ಬನ್ನಿ.

ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲ ಸದಸ್ಯರು, ಹರಿಹರ, ದಾವಣಗೆರೆ ಜಿಲ್ಲೆ