ಓ ಪೇರ್ ಆಗಿ ಜರ್ಮನಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನನ್ನ ಹಾಗೇ ಜರ್ಮನಿಗೆ ಓ ಪೇರ್ ಆಗಿ, ಅಂದರೆ ಒಂದು ಮನೆಯವರ ಜೊತೆಗೇ ಇದ್ದು ಅವರ ಮಕ್ಕಳನ್ನು ನೋಡಿಕೊಳ್ಳುತ್ತಾ ಭಾಷೆ ಕಲಿಯೋಕೆ, ಬರ್ತೀನಿ ಅಂತ ಬರೆದ ನಿನ್ನ ಮೆಸೇಜ್ ಓದಿದೆ. ಪ್ರಶ್ನೆಗಳ ಪಟ್ಟಿ ಉದ್ದ ಇದೆ, ಹಾಗಾಗಿ ಉತ್ತರವೂ ಉದ್ದಕ್ಕೇ ಇರುತ್ತೆ. ಫೋನಿನಲ್ಲಿ ಹೇಳಿದರೆ ನೀನು ನಿನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತೀಯ ಅಂತ ನನಗೆ ಗೊತ್ತು. ಇದನ್ನೇ ಕೇಳುವವರು ಬೇರೆಯವರೂ ಇದ್ದಾರೆ, ಅದಕ್ಕೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಗಾಬರಿಯಾಗಬೇಡ.

ಮೊದಲು ನಿಮ್ಮಮ್ಮನ ಪ್ರಶ್ನೆ. "ಓದಿರೋ ಹುಡುಗ, ಯಾರದೋ ಮನೆ ಮಕ್ಕಳನ್ನ ಆಡಿಸೋಕೆ ಅಷ್ಟು ದೂರ ಹೋಗ್ಬೇಕಾ?" ಅಂದರಂತೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಕ್ಕಳನ್ನು ಆಡಿಸಬೇಕು, ಬಟ್ಟೆ ಹಾಕಬೇಕು, ಮೂಗು ಒರೆಸಬೇಕು, ಚೆಲ್ಲಿದ ಹಾಲು ಒರೆಸಬೇಕು. ಇಷ್ಟೆಲ್ಲ ಮಾಡಿದರೂ ಇಲ್ಲಿಯ ಲೆಕ್ಕದಲ್ಲಿ ಇದು ನೌಕರಿ ಅಲ್ಲ. ತಿಂಗಳಿಗೆ ಸಿಗುವ 280 ಯೂರೋ ಸಂಬಳವಲ್ಲ, ಕೈಖರ್ಚಿನ ಹಣ. ಊಟ, ಕೋಣೆ, ವಿಮೆ ಮನೆಯವರದ್ದು. ಜರ್ಮನ್ ಕ್ಲಾಸಿನ ಖರ್ಚಿಗೆ ಅಂತ ತಿಂಗಳಿಗೆ 70 ಯೂರೋ ಬೇರೆ ಕೊಡಬೇಕು. ವಿಮಾನದ ಟಿಕೆಟ್ ಮಾತ್ರ ಸಾಮಾನ್ಯವಾಗಿ ನಿನ್ನ ಜೇಬಿನಿಂದಲೇ. ದುಡ್ಡು ಉಳಿಸಿ ಮನೆಗೆ ಕಳಿಸೋಣ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡು. ಜೊತೆಗೆ ಎಲ್ಲಾದರೂ ಪಾರ್ಟ್ ಟೈಮ್ ಮಾಡೋಣ ಅಂದರೆ ಈ ವೀಸಾದಲ್ಲಿ ಅದಕ್ಕೂ ದಾರಿ ಇಲ್ಲ.

ವಯಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ವೀಸಾಕ್ಕೆ ಅರ್ಜಿ ಹಾಕುವಾಗ ನಿನಗೆ 27 ತುಂಬಿರಬಾರದು. ನೀನು ಆಗಲೇ ಅಂಚಿನಲ್ಲಿದ್ದೀಯ, ಸುಮ್ನೆ ಯೋಚನೆ ಮಾಡುತ್ತಾ ಕೂರಬೇಡ. ಎ1 ಮಟ್ಟದ, ಅಂದರೆ ತೀರಾ ಮೊದಲ ಹಂತದ ಜರ್ಮನ್ ಬರಬೇಕು. ಸರ್ಟಿಫಿಕೇಟ್ ಇದ್ದರಷ್ಟೇ ಸಾಲದು, ಎದುರಿಗೆ ಕೂತವರು ನಾಲ್ಕು ಮಾತು ಕೇಳಿದರೆ ಬಾಯಿ ಬಿಡೋಕೂ ಬರಬೇಕು. ಕನಿಷ್ಠ 6 ತಿಂಗಳು ಇರಬೇಕು, ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲ. ಅದೂ ಒಂದೇ ಸಲ. ಅರ್ಧ ವರ್ಷಕ್ಕೆ ವಾಪಸ್ ಹೋಗಿ, ಉಳಿದ ಅರ್ಧಕ್ಕೆ ಆಮೇಲೆ ಬರ್ತೀನಿ ಅಂದರೆ ಆಗುವುದಿಲ್ಲ.

ಅಮೆರಿಕ ಹೇಗೆ ಅಂತಲೂ ಕೇಳಿದ್ದೀಯ. ಅಲ್ಲಿ ಹಣ ಜಾಸ್ತಿ, ವಾರಕ್ಕೆ ಕನಿಷ್ಠ 195.75 ಡಾಲರ್. ಆದರೆ ವಾರಕ್ಕೆ 45 ಗಂಟೆ, ದಿನಕ್ಕೆ 10 ಗಂಟೆಯವರೆಗೂ ಮಕ್ಕಳನ್ನು ನೋಡಿಕೊಳ್ಳಲು ಹೇಳಬಹುದು. ಫ್ರಾನ್ಸಿನಲ್ಲಿ ವಾರಕ್ಕೆ 25 ಗಂಟೆ. ನಾರ್ವೆ ಈ ವ್ಯವಸ್ಥೆಯನ್ನೇ 2024ರಲ್ಲಿ ನಿಲ್ಲಿಸಿತು. ಸಂಸ್ಕೃತಿ ವಿನಿಮಯದ ಹೆಸರಿನಲ್ಲಿ ಕಡಿಮೆ ದುಡ್ಡಿಗೆ ಮನೆಗೆಲಸ ಮಾಡಿಸಿಕೊಳ್ಳುತ್ತಾರೆ ಅನ್ನುವ ದೂರು ಅಲ್ಲಿ ಬಹಳ ದಿನದಿಂದ ಇತ್ತು. ಆ ದೂರು ಸುಳ್ಳಲ್ಲ. ಯಾವ ದೇಶಕ್ಕೆ ಹೋದರೂ ಅದನ್ನು ತಲೆಯಲ್ಲಿಟ್ಟುಕೊಂಡೇ ಹೋಗಬೇಕು.

ಜರ್ಮನಿಯಲ್ಲಿರುವ ನಮ್ಮವರ ಮನೆಗೇ ಬಂದರೆ ಸುಲಭ ಅಲ್ವಾ ಅಂತ ಕೇಳಿದ್ದೀಯ. ಅದು ಆಗದು. ಮನೆಯಲ್ಲಿ ಜರ್ಮನ್ ಮಾತಾಡುವವರಿರಬೇಕು. ಗಂಡ ಹೆಂಡತಿ ಬೇರೆ ದೇಶದಿಂದ ಬಂದು ಮನೆಯಲ್ಲಿ ಜರ್ಮನ್ ಮಾತಾಡುವವರಾದರೆ, ನೀನು ಅವರ ದೇಶದವನೇ ಆಗಿರಬಾರದು. ನೆಂಟರ ಮನೆಯಂತೂ ಇಲ್ಲವೇ ಇಲ್ಲ.

ಮನೆ ಹುಡುಕುವಾಗ ಇನ್ನೊಂದು ಬೇಸರಕ್ಕೆ ತಯಾರಾಗಿರು. ಹುಡುಗ ಅಂತ ಗೊತ್ತಾದ ಕೂಡಲೇ ಎಷ್ಟೋ ಜನ ಉತ್ತರವನ್ನೇ ಕೊಡುವುದಿಲ್ಲ. ನನಗೂ ಹಾಗೇ ಆಯಿತು. ಆದರೆ ಗಂಡುಮಕ್ಕಳೇ ಇರುವ ಕೆಲವು ಮನೆಯವರು ಹುಡುಗನೇ ಬೇಕು ಅಂತ ಹುಡುಕುತ್ತಾರೆ. ತಾಳ್ಮೆ ಇರಲಿ. ವೀಸಾದ ವಕೀಲರಿಗೆ ಅಂತ ಮೊದಲೇ ಹಣ ಕಳಿಸು ಅನ್ನುವ 'ಕುಟುಂಬ' ಸಿಕ್ಕರೆ ಅದು ಕುಟುಂಬವಲ್ಲ, ಕಳ್ಳರು. ಫೋಟೋದಲ್ಲಿ ಈಜುಕೊಳ, ಪತ್ರದಲ್ಲಿ ಸಕ್ಕರೆ ಮಾತು, ವೀಡಿಯೋ ಕಾಲಿಗೆ ಮಾತ್ರ ಎಂದೂ ಪುರುಸೊತ್ತಿಲ್ಲ. ಏಜೆನ್ಸಿ ಮೂಲಕ ಹೋಗುವುದಾದರೆ ಆರ್‌ಎಎಲ್ ಗುಣಮಟ್ಟದ ಗುರುತು ಇದೆಯಾ ನೋಡು. ವೀಡಿಯೋ ಕಾಲಿನಲ್ಲಿ ನಿನ್ನ ಕೋಣೆ ತೋರಿಸಿ ಅಂತ ಕೇಳು. ಕಿಟಕಿ ಇರಬೇಕು, ಚಳಿಗೆ ಹೀಟರ್ ಇರಬೇಕು, ಕನಿಷ್ಠ 8 ಚದರ ಮೀಟರ್ ಇರಬೇಕು. ಹಿಂದೆ ಇದ್ದ ಓ ಪೇರ್ ಜೊತೆ ಮಾತಾಡಬಹುದಾ ಅಂತಲೂ ಕೇಳು. ಒಳ್ಳೆಯ ಮನೆಯವರು ಕೂಡಲೇ ನಂಬರ್ ಕೊಡುತ್ತಾರೆ. ತಡವರಿಸಿದರೆ ಅದೇ ನಿನಗೆ ಉತ್ತರ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ನಿಯಮ ಹೇಳುವುದು ಇಷ್ಟು: ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ. ತಂದೆ ತಾಯಿ ರಾತ್ರಿ ಹೊರಗೆ ಹೋದಾಗ ಮಕ್ಕಳ ಜೊತೆ ಇರುವುದೂ ಇದರಲ್ಲೇ ಸೇರಿತು. ವಾರಕ್ಕೆ ಒಂದೂವರೆ ದಿನ ರಜೆ, ನಾಲ್ಕು ಸಂಜೆ ಬಿಡುವು, ತಿಂಗಳಿಗೆ ಒಂದಾದರೂ ಭಾನುವಾರ ಪೂರ್ತಿ ನಿನ್ನದು. ವರ್ಷಕ್ಕೆ 4 ವಾರ ರಜೆ, ಆಗಲೂ ಕೈಖರ್ಚಿನ ಹಣ ಬರುತ್ತಲೇ ಇರಬೇಕು. ಓದಿದರೆ ಆರಾಮ ಅನ್ನಿಸುತ್ತೆ. ಆದರೆ ಆ ಆರು ಗಂಟೆ ಒಟ್ಟಿಗೆ ಬರುವುದಿಲ್ಲ ಮಾರಾಯ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಆಮೇಲೆ ಮಕ್ಕಳು ಕಿಟಾದಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ. ನೀನು ನಿನ್ನ ಭಾಷೆ ಕ್ಲಾಸಿನಲ್ಲಿ. ಮೂರಕ್ಕೆ ಮಕ್ಕಳನ್ನು ಕರೆತಂದರೆ ಮತ್ತೆ ಏಳರವರೆಗೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿವರೆಗೂ ದಿನ ಪೂರ್ತಿ ಅವರ ಗಡಿಯಾರಕ್ಕೇ ಕಟ್ಟಿಕೊಂಡಿರುತ್ತೆ.

ಆ ಬೆಳಗಿನ ಎರಡು ಗಂಟೆಯೂ ಸಣ್ಣದಲ್ಲ. ಹೊರಗೆ ಮಳೆ ಅಂತ ಇಲ್ಲಿ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. ಕೆಸರಿನಲ್ಲಿ ಆಡೋಕೆ ಅಂತಲೇ ರಬ್ಬರಿನಂಥ ಪ್ಯಾಂಟು ಇದೆ. ಭುಜಕ್ಕೆ ಎರಡು ಪಟ್ಟಿ, ಬೂಟಿನ ಅಡಿಗೆ ಸಿಕ್ಕಿಸೋಕೆ ಎಲಾಸ್ಟಿಕ್. ಅದರ ಮೇಲೆ ಜಾಕೆಟ್. ನಾನಿರುವ ಮನೆಯಲ್ಲಿ ಇಬ್ಬರು ಹುಡುಗರು. ಚಿಕ್ಕವನಿಗೆ ನಾಲ್ಕು ವರ್ಷ, ಜಿಪ್ ಅವನೇ ಹಾಕಬೇಕು. ಹೊತ್ತಾಯ್ತು ಅಂತ ನಾನು ಎಳೆದುಬಿಟ್ಟರೆ ಜಾಕೆಟ್ ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಿ, ಮೊದಲಿಂದ ಶುರು ಮಾಡುತ್ತಾನೆ. ನಾನು ಜಿಪ್ಪಿನ ತುದಿಯನ್ನು ಕೆಳಗೆ ಸರಿಯಾಗಿ ಕೂರಿಸಿ ಹಿಡಿದುಕೊಳ್ಳಬೇಕು, ಅಷ್ಟೇ. ಮೇಲಕ್ಕೆ ಎಳೆಯುವ ಗೌರವ ಅವನದು. ಅಷ್ಟರಲ್ಲಿ ದೊಡ್ಡವನು ಒಂದೇ ಬೂಟು ಹಾಕಿಕೊಂಡು ಪುಸ್ತಕ ಓದುತ್ತಾ ಕೂತಿರುತ್ತಾನೆ.

ಇದು ಕಷ್ಟ ಅಂತ ಹೇಳುತ್ತಿಲ್ಲ. ಮಕ್ಕಳ ಜೊತೆಗಿನ ಕೆಲಸ ದಣಿಸುತ್ತೆ, ಆದರೆ ತಲೆ ಕೆಡಿಸುವುದಿಲ್ಲ. ತಲೆ ಕೆಡಿಸುವುದು ಸಂಜೆ.

ಏಳು ಗಂಟೆಗೆ ಮಕ್ಕಳ ತಾಯಿ ಬರುತ್ತಾರೆ ಅಂತಿಟ್ಟುಕೋ. ಬ್ಯಾಗ್ ಇಟ್ಟು, ದಿನ ಹೇಗಿತ್ತು ಅಂತ ಕೇಳುತ್ತಾರೆ. ನಿನ್ನ ಕೆಲಸ ಅಲ್ಲಿಗೆ ಮುಗಿಯಿತಾ? ಆಫೀಸಾದರೆ ಎದ್ದು ಹೊರಟರೆ ಆಯಿತು. ಇಲ್ಲಿ ನಿನ್ನ ಕೋಣೆ ಅದೇ ಮನೆಯ ಮಹಡಿ ಮೇಲಿದೆ. ಹೋಗಿ ಬಾಗಿಲು ಹಾಕಿಕೊಂಡರೆ ಮುನಿಸಿಕೊಂಡ ಹಾಗೆ ಕಾಣುತ್ತೆ. ಅಲ್ಲೇ ಕೂತರೆ ಚಿಕ್ಕವನು ಪುಸ್ತಕ ಹಿಡಿದು ತೊಡೆ ಏರುತ್ತಾನೆ. ಅವನು ನಿನ್ನ ಹತ್ತಿರ ಸುಮ್ಮನಿದ್ದಾನಲ್ಲ ಅಂತ ತಾಯಿ ಒಂದು ಫೋನ್ ಮಾಡೋಕೆ ಒಳಗೆ ಹೋಗುತ್ತಾರೆ. ಅವರ ಕಣ್ಣಿಗೆ ನೀನು ಸುಮ್ನೆ ಕೂತಿದ್ದೀಯ. ನಿನ್ನ ಲೆಕ್ಕದಲ್ಲಿ ಏಳನೇ ಗಂಟೆ ನಡೆಯುತ್ತಿದೆ.

ಯಾರೂ ಬೇಕಂತಲೇ ಹೀಗೆ ಮಾಡುವುದಿಲ್ಲ. "ನೀನು ನಮ್ಮ ಮನೆಯವನೇ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ತೊಂದರೆ ಇರುವುದೂ ಅಲ್ಲೇ. ಮನೆಯವರಿಗೆ ಗಂಟೆ ಲೆಕ್ಕ ಇರುವುದಿಲ್ಲ, ಅಲ್ವಾ? ನೌಕರನಾದರೆ ಹೆಚ್ಚು ಹೊತ್ತಿಗೆ ಹೆಚ್ಚು ಹಣ ಕೇಳಬಹುದಿತ್ತು. ನಿಜವಾಗಿ ಮನೆಯ ಮಗನಾದರೆ, ಇವತ್ತು ಆಗಲ್ಲ ಹೋಗಮ್ಮ ಅಂತ ಹೇಳಬಹುದಿತ್ತು. ನಿನಗೆ ಎರಡೂ ಇಲ್ಲ. ನೀನು ಸಂಕೋಚದ ಮನುಷ್ಯ, ಯಾರಾದರೂ ಎರಡು ಸಲ ಕೇಳಿದರೆ ಬೇಡ ಅನ್ನೋಕೆ ಬರುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಾನಿರುವ ಮನೆಯಲ್ಲಿ ಫ್ರಿಜ್ಜಿನ ಮೇಲೆ ವಾರದ ಪಟ್ಟಿ ಇದೆ. ಭಾನುವಾರ ಸಂಜೆ ಮಕ್ಕಳ ತಂದೆ, ತಾಯಿ, ನಾನು ಮೂವರೂ ಕೂತು ತುಂಬುತ್ತೇವೆ. ಯಾವ ದಿನ ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗಿಯುತ್ತೆ. ಮುಗಿಯುವ ಹೊತ್ತನ್ನು ಬರೆಯಲೇಬೇಕು ಅಂತ ಕೇಳಿದ್ದು ನಾನು. ಮೊದಲು ಅವರಿಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಆಮೇಲೆ ಅವರಿಗೇ ನಿರಾಳವಾಯಿತು, ಯಾಕೆಂದರೆ ನನ್ನನ್ನು ಎಷ್ಟು ಕೇಳಬಹುದು ಅಂತ ಅವರಿಗೂ ಗೊತ್ತಿರಲಿಲ್ಲ. ಈ ದೇಶದವರ ಒಂದು ಗುಣ ನನಗೆ ಬಹಳ ಹಿಡಿಸಿದೆ. ಬರೆದಿದ್ದನ್ನು ಪಾಲಿಸುತ್ತಾರೆ, ನೇರವಾಗಿ ಕೇಳಿದರೆ ಕೋಪ ಮಾಡಿಕೊಳ್ಳುವುದಿಲ್ಲ. ಮನಸ್ಸಿನಲ್ಲಿಟ್ಟುಕೊಂಡು ಮುಖ ಊದಿಸಿದರೆ ಮಾತ್ರ ಅವರಿಗೆ ಅರ್ಥವಾಗುವುದಿಲ್ಲ. ಮುಖ ನೋಡಿಯೇ ತಿಳಿದುಕೊಳ್ಳಲಿ ಅಂತ ಕಾಯಬೇಡ.

ಎಲ್ಲ ಮನೆಯೂ ಹೀಗಿರುತ್ತೆ ಅಂತಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಿದ್ದ ಮನೆಯಲ್ಲಿ ಶನಿವಾರ ಬಂದರೆ ಇಡೀ ಮನೆ ಉಜ್ಜಿ ಒರೆಸಬೇಕಿತ್ತು, ಅಜ್ಜಿಯನ್ನೂ ನೋಡಿಕೊಳ್ಳಬೇಕಿತ್ತು. ಇದ್ಯಾವುದೂ ಓ ಪೇರ್ ಕೆಲಸವಲ್ಲ. ಮಕ್ಕಳ ಬಟ್ಟೆ ಒಗೆಯಲು ಹಾಕುವುದು, ಅವರಿಗೆ ತಿಂಡಿ ಮಾಡುವುದು, ಅಡಿಗೆಮನೆ ಚೊಕ್ಕಟ ಮಾಡುವುದು, ನಿನ್ನ ಕೋಣೆ ಗುಡಿಸುವುದು, ಇಂಥ ಸಣ್ಣಪುಟ್ಟದ್ದು ಸರಿ. ಕಾಯಿಲೆಯವರ, ವಯಸ್ಸಾದವರ ಆರೈಕೆ ಇದರಲ್ಲಿ ಬರುವುದಿಲ್ಲ. ಅವಳು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಮನೆ ಬಿಟ್ಟರೆ ವೀಸಾ ಹೋಗುತ್ತೆ, ಮಾರನೇ ದಿನವೇ ವಾಪಸ್ ಕಳಿಸುತ್ತಾರೆ ಅಂತ ಹೆದರಿದ್ದಳು. ಹಾಗಲ್ಲ. ಒಪ್ಪಂದದಲ್ಲಿ ಸಾಮಾನ್ಯವಾಗಿ ಎರಡು ವಾರದ ನೋಟಿಸ್ ಅಂತ ಇರುತ್ತೆ. ಬೇರೆ ಮನೆ ಹುಡುಕಿಕೊಳ್ಳಬಹುದು. ವಿದೇಶಿಯರ ಕಚೇರಿಗೆ ತಿಳಿಸಬೇಕು, ಒಟ್ಟು ಅವಧಿ ಒಂದು ವರ್ಷ ಮೀರಬಾರದು. ಅವಳು ಕೊನೆಗೂ ಬದಲಾಯಿಸಿದಳು. ಹೊಸ ಮನೆಯಲ್ಲಿ ಬೆಕ್ಕು ಇದೆ, ಬೆಕ್ಕಿನ ಕೂದಲಿಗೆ ಅವಳಿಗೆ ಸೀನು. ಆದರೂ ಖುಷಿಯಾಗಿದ್ದಾಳೆ.

ಇಷ್ಟೆಲ್ಲ ಓದಿ ಬರುವುದೇ ಬೇಡ ಅಂದುಕೊಳ್ಳಬೇಡ. ಭಾಷೆ ಕಲಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕ್ಲಾಸಿನಲ್ಲಿ ಟೀಚರ್ ನಿಧಾನಕ್ಕೆ, ತಿದ್ದಿ ತೀಡಿ ಮಾತಾಡುತ್ತಾರೆ. ಮಕ್ಕಳಿಗೆ ಆ ದಯೆ ಇಲ್ಲ. ತಪ್ಪು ಹೇಳಿದರೆ ದೊಡ್ಡವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಸರಿ ಹೇಳುವವರೆಗೂ ಬಿಡುವುದಿಲ್ಲ. ಒಂದೇ ಕಥೆಯನ್ನು ರಾತ್ರಿ ರಾತ್ರಿ ಓದಿ ಓದಿ ನನಗೆ ವಾಕ್ಯಗಳು ಬಾಯಿಪಾಠವಾಗಿವೆ. ನವೆಂಬರ್ 11 ಸೇಂಟ್ ಮಾರ್ಟಿನ್ ದಿನ. ಅದರ ಆಸುಪಾಸಿನಲ್ಲಿ ಮಕ್ಕಳೆಲ್ಲ ಕತ್ತಲಾದ ಮೇಲೆ ಕಾಗದದ ಲಾಟೀನು ಹಿಡಿದು ಹಾಡುತ್ತಾ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಲಾಟೀನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಂಟು, ಬಣ್ಣದ ಕಾಗದ, ತಂತಿ, ಕೋಲಿನ ತುದಿಗೆ ಪುಟ್ಟ ಬಲ್ಬು. ಮುಳ್ಳುಹಂದಿ ಮಾಡಲು ಹೊರಟಿದ್ದು ಹಂದಿಯಷ್ಟೇ ಆಯಿತು. ಚಿಕ್ಕವನು ಬೀದಿಯುದ್ದಕ್ಕೂ ಕಂಡವರಿಗೆಲ್ಲ ಇದು ಮುಳ್ಳುಹಂದಿ ಅಂತ ವಿವರಿಸುತ್ತಾ ನಡೆದ.

ಒಂಟಿತನದ ಬಗ್ಗೆ ಕೇಳಿದ್ದೀಯ. ಇರುತ್ತೆ. ಮೊದಲ ವಾರಗಳಲ್ಲಿ ಜಾಸ್ತಿ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿದಾಗ ಇನ್ನೂ ಜಾಸ್ತಿ. ಭಾಷೆ ಕ್ಲಾಸು ಅದಕ್ಕೂ ಮದ್ದು, ತಪ್ಪಿಸಬೇಡ. ಕ್ಲಾಸಿಗೆ ಹೋಗಿ ಬರುವ ಖರ್ಚು ಮನೆಯವರದ್ದು ಅಂತ ಮೊದಲೇ ಮಾತಾಡಿಕೋ.

ವರ್ಷ ಮುಗಿದ ಮೇಲೆ ಏನು ಅನ್ನುವುದನ್ನೂ ಬಂದ ಮೇಲೆ ಯೋಚಿಸೋಣ ಅಂತ ಬಿಡಬೇಡ. ಇಲ್ಲೇ ಉಳಿದು ಒಂದು ವರ್ಷದ ಸಮಾಜಸೇವೆಯ ಯೋಜನೆಗೆ ಸೇರುವವರಿದ್ದಾರೆ. ಸ್ಟೈಪೆಂಡ್ ಕೊಟ್ಟು ಕಸುಬು ಕಲಿಸುವ ಔಸ್‌ಬಿಲ್ಡುಂಗ್‌ಗೆ ಹೋಗುವವರೂ ಇದ್ದಾರೆ. ಅದಕ್ಕೆ ಎ1 ಸಾಲದು. ಬಿ1, ಎಷ್ಟೋ ಕಡೆ ಬಿ2 ಬೇಕು. ಮೊದಲ ತಿಂಗಳಿಂದಲೇ ಆ ಕಡೆ ಓದುತ್ತಿದ್ದರೆ ಮಾತ್ರ ಸಾಧ್ಯ.

ಒಪ್ಪಂದ ಕೈಗೆ ಬಂದ ಕೂಡಲೇ ಸಹಿ ಹಾಕಬೇಡ, ನನಗೆ ಕಳಿಸು. ಜರ್ಮನ್‌ನಲ್ಲಿದ್ದರೂ ಪರವಾಗಿಲ್ಲ, ಈಗ ಓದೋಕೆ ಬರುತ್ತೆ. ಕೆಲಸದ ಹೊತ್ತು ಬರೆಯುವ ಜಾಗ ಖಾಲಿ ಬಿಟ್ಟಿದ್ದರೆ ನೀನೇ ಅಂದಾಜಿನಲ್ಲಿ ತುಂಬಬೇಡ, ಅವರನ್ನೇ ಕೇಳು. ರಾತ್ರಿ ಮಕ್ಕಳನ್ನು ನೋಡಿಕೊಳ್ಳುವ ದಿನಗಳು ಯಾವುವು ಅಂತಲೂ ಬರೆಸಿಕೋ. ಬುಧವಾರ ಸಂಜೆ ನನಗೆ ಬಿಡುವು, ಪಟ್ಟಿಯಲ್ಲೇ ಇದೆ. ಆವತ್ತು ಫೋನ್ ಮಾಡು.

ನಿನ್ನ,
ಗೆಳೆಯ